ಎಳೆಯ ಕ್ರಿಕೆಟ್ ಪಟುವೂ ಆಯ್ಕೆಯ ಪರೀಕ್ಷೆಯೂ: ಶಿಕ್ಷಕರ ಹಾಗೂ ಪೋಷಕರ ಹೊಣೆ

ನಮ್ಮ ಪ್ರೌಢಶಾಲೆಗಳ ಮುಖ್ಯೋಪಾಧ್ಯಾಯರ ಮುಂದೆ ಈಚಿನ ವರ್ಷಗಳಲ್ಲಿ ಹೊಸದೊಂದು ಪ್ರಶ್ನೆ ಬರತೊಡಗಿದೆ. ಹದಿಮೂರರ ಪ್ರಾಯದ ಹುಡುಗನೊಬ್ಬ ಕ್ರಿಕೆಟ್ಟಿನಲ್ಲಿ ತನ್ನ ಓರಗೆಯವರನ್ನು ಮೀರಿಸಿ ಆಡುತ್ತಾನೆ. ದೂರದ ನಗರದ ಅಕಾಡೆಮಿಯೊಂದು ಟ್ರಯಲ್ಸ್ ನಡೆಸುವುದಾಗಿ ಪ್ರಕಟಿಸಿದೆ. ಮಗನನ್ನು ಕಳುಹಿಸಬೇಕೋ ಬೇಡವೋ, ಆಯ್ಕೆಯಾದರೆ ಶಾಲೆಯನ್ನು ಬಿಡಿಸಬೇಕೋ ಎಂದು ತಂದೆತಾಯಿಗಳು ಗುರುಗಳನ್ನು ಕೇಳುತ್ತಾರೆ. ಆಟದಿಂದ ಓದು ಕೆಡುತ್ತದೆಂದು ಗದರಿಸಿ ಕಳುಹಿಸುವುದು ಸುಲಭ. ಪ್ರತಿಭೆಯಿದೆ, ಹೋಗಲಿ ಎಂದು ಬೆನ್ನು ತಟ್ಟುವುದೂ ಅಷ್ಟೇ ಸುಲಭ. ಇವೆರಡೂ ಉತ್ತರಗಳಲ್ಲ. ತಿಳಿದು ನಿರ್ಧರಿಸಲು ಆ ಮಗುವಿಗೆ ನೆರವಾಗುವುದೇ ಹಿರಿಯರ ಕರ್ತವ್ಯ. ಆ ನೆರವು ಯಾವ ರೀತಿಯದಾಗಿರಬೇಕೆಂಬುದನ್ನು ವಿವೇಚಿಸುವುದು ಈ ಲೇಖನದ ಉದ್ದೇಶ.

ಮೊದಲಿಗೆ, ಕರೆದವರು ಯಾರು ಎಂಬುದನ್ನು ತಿಳಿಯಬೇಕು. ಅಕಾಡೆಮಿ ಎಂಬ ಒಂದೇ ಹೆಸರಿನಡಿಯಲ್ಲಿ ಬೇರೆ ಬೇರೆ ವ್ಯವಸ್ಥೆಗಳು ನಡೆಯುತ್ತಿವೆ. ಶುಲ್ಕ ಪಡೆದು ಆಟವನ್ನು ಕಲಿಸುವ ಖಾಸಗಿ ಶಿಬಿರಗಳು ಒಂದು ಬಗೆ. ಇವುಗಳಲ್ಲಿ ಉತ್ತಮವಾದವು ಅನೇಕವಿವೆ. ಆದರೆ ಅಲ್ಲಿ ಪ್ರವೇಶ ದೊರೆತ ಮಾತ್ರಕ್ಕೆ ರಾಜ್ಯ ತಂಡದ ಬಾಗಿಲು ತೆರೆಯುವುದಿಲ್ಲ. ರಾಜ್ಯ ಕ್ರಿಕೆಟ್ ಸಂಸ್ಥೆ ನಡೆಸುವ ಆಯ್ಕೆ ಎರಡನೆಯದು. ನಮ್ಮ ರಾಜ್ಯದಲ್ಲಿ ಬೆಂಗಳೂರಿನ ಹೊರಗಿನ ಜಿಲ್ಲೆಗಳನ್ನು ಮೈಸೂರು, ಧಾರವಾಡ, ಶಿವಮೊಗ್ಗ, ತುಮಕೂರು, ರಾಯಚೂರು, ಮಂಗಳೂರು ಎಂಬ ವಲಯಗಳಾಗಿ ವಿಂಗಡಿಸಲಾಗಿದೆ. ವಲಯದ ತಂಡದಲ್ಲಿ ಆಡಿ ಗಮನ ಸೆಳೆದವರು ರಾಜ್ಯದ ಕಿರಿಯರ ತಂಡದತ್ತ ಸಾಗುತ್ತಾರೆ. ಅಲ್ಲಿಂದ ಮುಂದೆ 16 ವರ್ಷದೊಳಗಿನವರಿಗೆ ವಿಜಯ್ ಮರ್ಚೆಂಟ್ ಟ್ರೋಫಿ, 19 ವರ್ಷದೊಳಗಿನವರಿಗೆ ಕೂಚ್ ಬೆಹಾರ್ ಟ್ರೋಫಿ. ಮೂರನೆಯದು 2000ದಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾಗಿ, 2024ರಲ್ಲಿ ದೇವನಹಳ್ಳಿಯ ಕಡೆಯ ಹೊಸ ಆವರಣಕ್ಕೆ ಬಂದಿರುವ ಭಾರತೀಯ ಕ್ರಿಕೆಟ್ ಮಂಡಳಿಯ ಕೇಂದ್ರ. ಇಲ್ಲಿನ ಶಿಬಿರಗಳಿಗೆ ಮಂಡಳಿಯೇ ಆಟಗಾರರನ್ನು ಕರೆಸಿಕೊಳ್ಳುತ್ತದೆ. ಹಣ ಕಟ್ಟಿ ಸೇರುವ ದಾರಿಯಿಲ್ಲ. ಆದುದರಿಂದ ಹಣ ಕೊಟ್ಟರೆ ತಂಡದಲ್ಲಿ ಸ್ಥಾನ ಕೊಡಿಸುವೆನೆಂದು ಯಾರಾದರೂ ಹೇಳಿದರೆ, ಆ ಮಾತು ಎಷ್ಟೇ ಸವಿಯಾಗಿದ್ದರೂ, ಅದು ವಂಚನೆಯೆಂದೇ ತಿಳಿಯಬೇಕು.

ಎರಡನೆಯದಾಗಿ, ಆಯ್ಕೆಯ ಪರೀಕ್ಷೆ ಏನನ್ನು ಅಳೆಯಬಲ್ಲದು, ಏನನ್ನು ಅಳೆಯಲಾರದು ಎಂಬುದನ್ನು ಹುಡುಗನಿಗೆ ಮುಂಚಿತವಾಗಿ ತಿಳಿಸಬೇಕು. ಬಲೆಯ ಒಳಗೆ ದಾಂಡಿಗನಿಗೆ ದೊರೆಯುವುದು ಕೆಲವೇ ಎಸೆತಗಳು. ಬೌಲರನಿಗೆ ಒಂದೆರಡು ಓವರುಗಳು. ನೂರಾರು ಮಕ್ಕಳನ್ನು ಒಂದೇ ದಿನದಲ್ಲಿ ನೋಡಬೇಕಾದ ಆಯ್ಕೆಗಾರರಿಗೆ ಬೇರೆ ಉಪಾಯವೂ ಇಲ್ಲ. ಸೋಲುತ್ತಿರುವ ಪಂದ್ಯದಲ್ಲಿ ತಾಳ್ಮೆಯಿಂದ ನಿಲ್ಲುವ ಗುಣ, ತಪ್ಪನ್ನು ತಿದ್ದಿಕೊಳ್ಳುವ ಬುದ್ಧಿ, ಜೊತೆಗಾರನಿಗೆ ನೆರವಾಗುವ ಸ್ವಭಾವ ಇವು ಅಷ್ಟು ಹೊತ್ತಿನಲ್ಲಿ ಕಾಣುವುದಿಲ್ಲ. ಸ್ಥಾನಗಳ ಲೆಕ್ಕವನ್ನೂ ಹುಡುಗನ ಮುಂದಿಡಬೇಕು. ತಂಡದಲ್ಲಿ ಆಡುವವರು 11 ಮಂದಿ. ಮೀಸಲು ಆಟಗಾರರು ಸೇರಿ ಸುಮಾರು 15. ನಮ್ಮ ರಾಜ್ಯದಲ್ಲಿ 31 ಜಿಲ್ಲೆಗಳಿವೆ. ಜಿಲ್ಲೆಗೊಬ್ಬನನ್ನು ಆರಿಸಿದರೂ ಅರ್ಧಕ್ಕಿಂತ ಹೆಚ್ಚು ಜಿಲ್ಲೆಗಳು ಬರಿಗೈಯಲ್ಲಿ ಹಿಂದಿರುಗಬೇಕು. ಆಯ್ಕೆಯಾಗದಿರುವುದು ಅವಮಾನವಲ್ಲವೆಂಬುದನ್ನು ಉಪದೇಶಕ್ಕಿಂತ ಈ ಲೆಕ್ಕವೇ ಚೆನ್ನಾಗಿ ತಿಳಿಸುತ್ತದೆ.

ಇದರೊಡನೆ ದೇಹದ ಬೆಳವಣಿಗೆಯ ವಿಚಾರವೂ ಇದೆ. ಮಂಡಳಿಯ ಕಿರಿಯರ ಪಂದ್ಯಾವಳಿಗಳಿಗೆ ವಯಸ್ಸನ್ನು ಸೆಪ್ಟೆಂಬರ್ 1ಕ್ಕೆ ಲೆಕ್ಕ ಹಾಕುತ್ತಾರೆ. ಸೆಪ್ಟೆಂಬರಿನಲ್ಲಿ ಹುಟ್ಟಿದವನೂ ಮರುವರ್ಷದ ಆಗಸ್ಟಿನಲ್ಲಿ ಹುಟ್ಟಿದವನೂ ಒಂದೇ ಗುಂಪಿನಲ್ಲಿ ನಿಲ್ಲುತ್ತಾರೆ. ಹದಿಮೂರರ ಪ್ರಾಯದಲ್ಲಿ ಒಂದು ವರ್ಷದ ಅಂತರ ಎತ್ತರದಲ್ಲಿಯೂ ತೋಳ್ಬಲದಲ್ಲಿಯೂ ಎದ್ದು ಕಾಣುತ್ತದೆ. ದೊಡ್ಡವನಾಗಿ ಕಂಡವನೇ ಉತ್ತಮನಾಗಿ ಕಾಣುವ ಅಪಾಯ ಇಲ್ಲಿದೆ. ಚಿಕ್ಕ ಮೈಕಟ್ಟಿನ ಹುಡುಗನಿಗೆ ಎರಡು ವರ್ಷ ಕಾಯುವಂತೆ ಹೇಳುವುದು ಆತನನ್ನು ತಡೆದಂತಾಗದು. ಅಭಿಮನ್ಯು ಮಿಥುನ್ ಹದಿನೇಳರ ಪ್ರಾಯದವರೆಗೂ ಚರ್ಮದ ಚೆಂಡನ್ನು ಎಸೆದವರಲ್ಲ. ಆದರೂ 2010ರಲ್ಲಿ ಭಾರತದ ಪರವಾಗಿ ಟೆಸ್ಟ್ ಆಡಿದರು. ವೇಗದ ಬೌಲಿಂಗ್ ಮಾಡುವ ಮಕ್ಕಳ ವಿಷಯದಲ್ಲಂತೂ ಅವಸರವೇ ಶತ್ರು. ಬೆಳೆಯುತ್ತಿರುವ ಬೆನ್ನೆಲುಬಿನ ಕೆಳಭಾಗಕ್ಕೆ ಅತಿಯಾದ ಎಸೆತದಿಂದ ಬಿರುಕು ಬೀಳುವುದುಂಟು. ದಿನಕ್ಕೆ ಎಷ್ಟು ಓವರು ಎಸೆಸುತ್ತಾರೆ, ವಾರದಲ್ಲಿ ಎಷ್ಟು ದಿನ ವಿಶ್ರಾಂತಿಯುಂಟು ಎಂದು ಅಕಾಡೆಮಿಯವರನ್ನು ಕೇಳಬೇಕು. ಉತ್ತರ ಸ್ಪಷ್ಟವಾಗಿರದಿದ್ದಲ್ಲಿ ಮಗನನ್ನು ಅಲ್ಲಿ ಬಿಡಬಾರದು.

ಮೂರನೆಯದು ವಿದ್ಯಾಭ್ಯಾಸ. ಆಟಕ್ಕಾಗಿ ಶಾಲೆಯನ್ನು ತ್ಯಜಿಸುವುದು ಅನಿವಾರ್ಯವೆಂಬ ನಂಬಿಕೆ ಹರಡುತ್ತಿದೆ. ನಮ್ಮ ನಾಡಿನ ಅನುಭವ ಹಾಗೆ ಹೇಳುವುದಿಲ್ಲ. ಮೈಸೂರಿನ ಜಾವಗಲ್ ಶ್ರೀನಾಥರು ಶ್ರೀ ಜಯಚಾಮರಾಜೇಂದ್ರ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದವರು. ಟೆಸ್ಟ್ ಪಂದ್ಯಗಳಲ್ಲಿ 236 ವಿಕೆಟ್ ಪಡೆದರು. ಟೆಸ್ಟಿನಲ್ಲಿ 619 ವಿಕೆಟ್ ಪಡೆದ ಅನಿಲ್ ಕುಂಬ್ಳೆಯವರೂ ಇಂಜಿನಿಯರಿಂಗ್ ಪದವೀಧರರೇ. ಗದಗಿನ ಸುನೀಲ್ ಜೋಶಿಯವರು ಬಾಲ್ಯದಲ್ಲಿ ಬೆಳಗಿನ ಜಾವ ಸುಮಾರು 60 ಕಿಲೋಮೀಟರ್ ದೂರದ ಹುಬ್ಬಳ್ಳಿಗೆ ಹೋಗಿ ಅಭ್ಯಾಸ ಮಾಡಿ, ಶಾಲೆಯ ವೇಳೆಗೆ ಊರಿಗೆ ಮರಳುತ್ತಿದ್ದರು. ಅದೇ ಜೋಶಿಯವರು 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕದ ವಿರುದ್ಧ 10 ಓವರುಗಳಲ್ಲಿ ಕೇವಲ 6 ಓಟಗಳನ್ನು ಕೊಟ್ಟು 5 ವಿಕೆಟ್ ಪಡೆದರು. ಈ ದೃಷ್ಟಾಂತಗಳನ್ನು ಹೇಳುವಾಗ ಒಂದು ಎಚ್ಚರಿಕೆಯೂ ಅಗತ್ಯ. ಗುರಿ ಮುಟ್ಟಿದವರ ಹೆಸರುಗಳನ್ನು ಮಾತ್ರ ನಾವು ಬಲ್ಲೆವು. ಅಷ್ಟೇ ಶ್ರಮಪಟ್ಟು ಅರ್ಧದಾರಿಯಲ್ಲಿ ನಿಂತವರ ಹೆಸರುಗಳು ಯಾವ ಪುಸ್ತಕದಲ್ಲಿಯೂ ಇಲ್ಲ. ಓದು ಕೈಯಲ್ಲಿದ್ದರೆ ಅಂಥವರಿಗೆ ಬದುಕಿನ ಇನ್ನೊಂದು ದಾರಿ ಉಳಿದಿರುತ್ತದೆ.

ನಾಲ್ಕನೆಯ ವಿಷಯ ಶಿಕ್ಷಕರಿಗೆ ನೇರವಾಗಿ ಸಂಬಂಧಿಸಿದ್ದು. ವಯಸ್ಸಿನ ಮಿತಿಯಿರುವಲ್ಲಿ ವಯಸ್ಸನ್ನು ಇಳಿಸುವ ಪ್ರಲೋಭನವೂ ಇರುತ್ತದೆ. ಆ ಪ್ರಲೋಭನ ಕೊನೆಗೆ ಬಂದು ನಿಲ್ಲುವುದು ಶಾಲೆಯ ದಾಖಲಾತಿ ಪುಸ್ತಕದ ಮುಂದೆ. ಒಂದೇ ವರ್ಷ ತಾನೆ, ಹುಡುಗನ ಭವಿಷ್ಯದ ಪ್ರಶ್ನೆ ಎಂದು ಪೋಷಕರು ಕೈಮುಗಿದು ನಿಂತಾಗ ಮುಖ್ಯೋಪಾಧ್ಯಾಯರ ಮನಸ್ಸು ಕರಗುವುದು ಸಹಜ. ಆದರೆ ಆ ಒಂದು ಅಂಕಿಯ ತಿದ್ದುಪಡಿಯಿಂದ ನಿಜವಾದ ವಯಸ್ಸಿನ ಇನ್ನೊಬ್ಬ ಬಡ ಹುಡುಗನ ಸ್ಥಾನ ಕಳೆದುಹೋಗುತ್ತದೆ. ರಾಹುಲ್ ದ್ರಾವಿಡರು 2015ರಲ್ಲಿ ದೆಹಲಿಯಲ್ಲಿ ಪಟೌಡಿ ಸ್ಮಾರಕ ಉಪನ್ಯಾಸ ನೀಡುತ್ತ ಇದನ್ನೇ ಎತ್ತಿ ಹೇಳಿದರು. ತನ್ನ ಹಿರಿಯರೇ ಸುಳ್ಳು ದಾಖಲೆ ಮಾಡುವುದನ್ನು ಕಂಡ ಮಗು ಮುಂದೆ ಮೋಸಗಾರನಾಗದಿರುವನೇ ಎಂಬುದು ಅವರ ಪ್ರಶ್ನೆಯ ತಾತ್ಪರ್ಯ. ಸುಳ್ಳು ಬಹುಕಾಲ ನಿಲ್ಲುವುದೂ ಇಲ್ಲ. 16 ವರ್ಷದೊಳಗಿನ ಹುಡುಗರ ಎಡ ಮಣಿಕಟ್ಟಿನ ಎಕ್ಸ್‌ರೇ ತೆಗೆದು ಮೂಳೆಯ ಬೆಳವಣಿಗೆಯಿಂದ ವಯಸ್ಸನ್ನು ಅಂದಾಜು ಮಾಡುವ ಪದ್ಧತಿ ಜಾರಿಯಲ್ಲಿದೆ. ತಪ್ಪನ್ನು ತಾವಾಗಿ ಒಪ್ಪಿಕೊಂಡವರಿಗೆ ಕ್ಷಮೆ, ಸಿಕ್ಕಿಬಿದ್ದವರಿಗೆ ಎರಡು ವರ್ಷಗಳ ನಿಷೇಧ ಎಂದು ಮಂಡಳಿ 2020ರಲ್ಲಿ ಪ್ರಕಟಿಸಿತು. ಹುಡುಗನ ಬಾಳಿನಲ್ಲಿ ಆ ಎರಡು ವರ್ಷಗಳು ಮರಳಿ ಬಾರವು.

ಇಲ್ಲಿಯವರೆಗೆ ಹುಡುಗನೆಂದು ಹೇಳಿದುದೆಲ್ಲ ಹುಡುಗಿಗೂ ಅನ್ವಯಿಸುತ್ತದೆ. ವಿಜಯಪುರದ ರಾಜೇಶ್ವರಿ ಗಾಯಕವಾಡರು 2017ರ ವಿಶ್ವಕಪ್ಪಿನಲ್ಲಿ ನ್ಯೂಜಿಲೆಂಡ್ ವಿರುದ್ಧ 15 ಓಟಗಳಿಗೆ 5 ವಿಕೆಟ್ ಪಡೆದರು. 2025ರಲ್ಲಿ 19 ವರ್ಷದೊಳಗಿನ ಬಾಲಿಕೆಯರ ವಿಶ್ವಕಪ್ ಗೆದ್ದ ಭಾರತ ತಂಡದ ನಾಯಕಿ ಕರ್ನಾಟಕದ ನಿಕಿ ಪ್ರಸಾದ್. ಮಗಳು ಆಡುವೆನೆಂದಾಗ ಅದನ್ನು ವಿನೋದವೆಂದು ತಳ್ಳಿಹಾಕುವ ಕಾಲ ಮುಗಿಯಿತು. ಆಕೆಯ ಪ್ರಯಾಣ, ವಸತಿ, ಸುರಕ್ಷತೆಗಳನ್ನು ವಿಚಾರಿಸಿ ವ್ಯವಸ್ಥೆ ಮಾಡುವುದೇ ಹಿರಿಯರ ಕೆಲಸ.

ಇಷ್ಟನ್ನು ತಿಳಿದ ಮೇಲೆ ನಿರ್ಧಾರದ ಮಾತು. ಶಿಕ್ಷಕರು ಹುಡುಗನನ್ನು ಒಬ್ಬನನ್ನೇ ಕೂರಿಸಿಕೊಂಡು ಮೂರು ಪ್ರಶ್ನೆಗಳನ್ನು ಕೇಳಬಹುದು. ಪಂದ್ಯವಿಲ್ಲದ ದಿನವೂ, ನೋಡುವವರಿಲ್ಲದಾಗಲೂ ನಿನಗೆ ಅಭ್ಯಾಸ ಮಾಡುವ ಮನಸ್ಸುಂಟೇ? ಆಯ್ಕೆಯಾಗದಿದ್ದರೆ ಮರುದಿನ ಏನು ಮಾಡುವೆ? ತಂದೆಯವರು ಬೇಡವೆಂದರೂ ಬೇಕೆನ್ನುವೆಯೋ, ಅವರು ಬೇಕೆನ್ನುವುದರಿಂದ ಮಾತ್ರ ಬೇಕೆನ್ನುವೆಯೋ? ಮೂರನೆಯ ಪ್ರಶ್ನೆಗೆ ಮೌನವೇ ಉತ್ತರವಾದರೆ ಆ ವರ್ಷದ ಪರೀಕ್ಷೆಯನ್ನು ಬಿಡುವುದು ಲೇಸು. ಉತ್ತರ ದೃಢವಾಗಿದ್ದರೆ ಕಳುಹಿಸಬೇಕು. ಆದರೆ ಪರೀಕ್ಷೆಗೆ ಹೋಗುವುದು ಬೇರೆ, ಮನೆ ಬಿಟ್ಟು ಹೋಗುವುದು ಬೇರೆ ಎಂಬುದನ್ನು ಮೊದಲೇ ಗೊತ್ತುಪಡಿಸಬೇಕು. ವಲಯ ಮಟ್ಟದ ಆಯ್ಕೆಗೆ ಊರಿನಲ್ಲಿ ಓದುತ್ತಲೇ ಪ್ರಯತ್ನಿಸಬಹುದು. ಮನೆ ಬಿಡಬೇಕಾದ ಪ್ರಸಂಗ ಬಂದರೆ, ಒಂದು ಅವಧಿಯನ್ನು ನಿಗದಿಮಾಡಿ, ಅದು ಮುಗಿದಾಗ ಎಲ್ಲರೂ ಕುಳಿತು ಮತ್ತೆ ವಿಚಾರ ಮಾಡುವುದೆಂದು ಒಪ್ಪಿಕೊಳ್ಳಬೇಕು. ಮನೆಯ ಹೊಲವನ್ನು ಅಡವಿಟ್ಟು ಕಳುಹಿಸಿದರೆ ಹುಡುಗನ ಎಳೆಯ ಹೆಗಲ ಮೇಲೆ ಆಟದೊಂದಿಗೆ ಸಾಲವನ್ನೂ ಹೇರಿದಂತಾಗುತ್ತದೆ. ಆ ಭಾರ ಹೊತ್ತು ಯಾವ ಮಗುವೂ ಸ್ವಚ್ಛಂದವಾಗಿ ಆಡಲಾರದು.

ಸಂಸ್ಥೆಯ ಹಿತೈಷಿಗಳಾದ ಹಳೆಯ ವಿದ್ಯಾರ್ಥಿಗಳಲ್ಲಿಯೂ ದಾನಿಗಳಲ್ಲಿಯೂ ಒಂದು ಬಿನ್ನಹ. ಆಯ್ಕೆಯಾಗಿ ಬಂದವನಿಗೆ ಶಾಲು ಹೊದಿಸುವುದು ಸಂತೋಷದ ಕಾರ್ಯವೇ ಸರಿ. ಆದರೆ ಆಯ್ಕೆಗೆ ಹೋಗುವ ಬಡ ಹುಡುಗನ ಬಸ್ಸಿನ ಖರ್ಚು, ಒಂದು ಜೊತೆ ಬೂಟು, ಶಾಲೆಯ ಅಂಗಳದಲ್ಲೊಂದು ಒಳ್ಳೆಯ ಅಭ್ಯಾಸದ ಅಂಕಣ ಇವಕ್ಕೆ ನೆರವಾದರೆ ಮಕ್ಕಳು ಮನೆ ಬಿಡಬೇಕಾದ ವಯಸ್ಸು ಎರಡು ವರ್ಷ ಮುಂದಕ್ಕೆ ಹೋದೀತು. ಆಯ್ಕೆಯಾಗದೆ ಹಿಂದಿರುಗಿದ ಹುಡುಗನನ್ನು ಮರುದಿನದ ಪ್ರಾರ್ಥನೆಯ ಸಾಲಿನಲ್ಲಿ ಎಂದಿನಂತೆ ಹೆಸರು ಹಿಡಿದು ಕರೆಯುವ ಕೆಲಸ ಗುರುಗಳದು. ಆತನ ಆಟ ಅಲ್ಲಿಗೆ ಮುಗಿಯಲಿಲ್ಲವೆಂಬುದನ್ನು ಆ ಒಂದು ಕರೆಯೇ ಆತನಿಗೆ ತಿಳಿಸಿಕೊಡಬಲ್ಲದು.