ಮಕ್ಕಳು ಗಾಂಜಾ ಚಟಕ್ಕೆ ಬಿದ್ದರೆ ಹೆತ್ತವರು ಏನು ಮಾಡಬೇಕು?

ಕಾಲೇಜಿಗೆ ಹೋಗುವ ಮಗನ ಬ್ಯಾಗಿನಲ್ಲಿ ಗಾಂಜಾ ಪೊಟ್ಟಣ ಸಿಕ್ಕರೆ ಕೆಲವರು ಕೈ ಎತ್ತುತ್ತಾರೆ, ಕೆಲವರು ಮರ್ಯಾದೆಗೆ ಅಂಜಿ ಮುಚ್ಚಿಡುತ್ತಾರೆ. ಎರಡರಿಂದಲೂ ಚಟ ಬಿಡುವುದಿಲ್ಲ. ಇದು ಚಿಕಿತ್ಸೆಯಿರುವ ಕಾಯಿಲೆ. ಬೇಗ ವೈದ್ಯರ ಬಳಿ ಹೋದಷ್ಟೂ ಒಳ್ಳೆಯದು.

1. ಅಪಾಯ ತಿಳಿದುಕೊಳ್ಳಿ
‘ಗಿಡದ ಸೊಪ್ಪು ತಾನೇ, ಏನೂ ಆಗಲ್ಲ’ ಎಂಬ ಮಾತು ನಂಬಬೇಡಿ. ಗಾಂಜಾದಲ್ಲಿರುವ ಟಿಎಚ್‌ಸಿ ಮಿದುಳಿನ ಮೇಲೆಯೇ ಕೆಲಸ ಮಾಡುತ್ತದೆ. ಮಿದುಳಿನ ಬೆಳವಣಿಗೆ ಸುಮಾರು 25ರ ವಯಸ್ಸಿನವರೆಗೂ ನಡೆಯುತ್ತದೆ. ಅಷ್ಟರೊಳಗೆ ನಿತ್ಯ ಸೇದುವವರಲ್ಲಿ ನೆನಪು, ಏಕಾಗ್ರತೆ ಕುಂದುತ್ತವೆ. ಇಲ್ಲದ ದನಿ ಕೇಳಿಸುವ, ಎಲ್ಲರ ಮೇಲೂ ಸಂಶಯ ಹುಟ್ಟುವ ಮನೋರೋಗದ ಅಪಾಯ ಹೆಚ್ಚುತ್ತದೆ. ಮನೆತನದಲ್ಲಿ ಸ್ಕಿಜೋಫ್ರೇನಿಯಾ ಇದ್ದರಂತೂ ಇನ್ನೂ ಎಚ್ಚರ ಬೇಕು.

2. ಲಕ್ಷಣ ಗಮನಿಸಿ
ಕೆಂಪಡರಿದ ಕಣ್ಣು, ಬಟ್ಟೆಯಲ್ಲಿ ಘಾಟು ವಾಸನೆ, ಓದಿನಲ್ಲಿ ನಿರಾಸಕ್ತಿ ಸಾಮಾನ್ಯ ಸುಳಿವುಗಳು. ವರ್ಷಗಟ್ಟಲೆ ಸೇದಿದ ಕೆಲವರಿಗೆ ಪದೇ ಪದೇ ವಾಂತಿಯಾಗುತ್ತದೆ. ಬಿಸಿನೀರು ಸುರಿದುಕೊಂಡಾಗ ಮಾತ್ರ ಆರಾಮವೆನಿಸಿ ಬಚ್ಚಲಿನಿಂದ ಹೊರಗೇ ಬರುವುದಿಲ್ಲ. ಗ್ಯಾಸ್ಟ್ರಿಕ್ ಎಂದು ಮಾತ್ರೆ ಕೊಟ್ಟು ಕೂರಬೇಡಿ. ಗಾಂಜಾ ಬಿಟ್ಟರಷ್ಟೇ ಇದು ವಾಸಿಯಾಗುವುದು.

3. ನಶೆಯಲ್ಲಿದ್ದಾಗ
ಆಗ ಬುದ್ಧಿವಾದ ಬೇಡ. ಮೊದಲು ಬೈಕಿನ ಕೀ ತೆಗೆದಿಡಿ, ಒಬ್ಬನನ್ನೇ ಬಿಡಬೇಡಿ. ಗಾಂಜಾ ಬೆರೆಸಿದ ತಿನಿಸು ಏರಲು ಅರ್ಧ ಗಂಟೆಯಿಂದ 2 ಗಂಟೆ ಹಿಡಿಯುತ್ತದೆ. ಏರಲಿಲ್ಲವೆಂದು ಮತ್ತಷ್ಟು ತಿಂದು ಅಪಾಯಕ್ಕೆ ಸಿಲುಕುವವರಿದ್ದಾರೆ. ಎದೆನೋವು, ಫಿಟ್ಸ್, ಉಸಿರಾಟದ ತೊಂದರೆ ಕಂಡರೆ ಅಥವಾ ಎಚ್ಚರ ತಪ್ಪಿದರೆ 108ಕ್ಕೆ ಕರೆ ಮಾಡಿ. ಎಚ್ಚರವಿಲ್ಲದೆ ಉಸಿರಾಡುತ್ತಿದ್ದರೆ ಮಗ್ಗುಲಾಗಿ ಮಲಗಿಸಿ. ಏನು ಸೇವಿಸಿದ್ದನೆಂದು ವೈದ್ಯರಿಗೆ ಮುಚ್ಚುಮರೆಯಿಲ್ಲದೆ ತಿಳಿಸಿ.

4. ನಶೆ ಇಳಿದ ಮೇಲೆ ಮಾತಾಡಿ
‘ಯಾವಾಗಿಂದ? ಸೇದದಿದ್ದರೆ ಏನಾಗುತ್ತೆ?’ ಎಂದು ಕೇಳಿ, ಉತ್ತರ ಪೂರ್ತಿ ಆಲಿಸಿ. ಪರೀಕ್ಷೆಯ ಭಯ, ನಿದ್ರಾಹೀನತೆ, ಖಿನ್ನತೆ ಹಿಂದಿರಬಹುದು. ಅದಕ್ಕೂ ಚಿಕಿತ್ಸೆ ಬೇಕು.

5. ನೆರವು ಪಡೆಯಿರಿ
ವ್ಯಸನಮುಕ್ತಿ ಸಹಾಯವಾಣಿ 14446, ಮಾನಸಿಕ ಆರೋಗ್ಯದ ಟೆಲಿ ಮಾನಸ್ 14416. ಎರಡಕ್ಕೂ ಕರೆ ಉಚಿತ. ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್‌ನಲ್ಲಿ ಚಿಕಿತ್ಸೆಯಿದೆ. ಜಿಲ್ಲಾಸ್ಪತ್ರೆಯ ಮನೋವೈದ್ಯರನ್ನೂ ಕಾಣಬಹುದು. 1985ರ ಎನ್‌ಡಿಪಿಎಸ್ ಕಾಯ್ದೆಯಡಿ ಗಾಂಜಾ ಸೇವನೆ ಅಪರಾಧ. ಆದರೆ ಸೇವನೆ ಅಥವಾ ಅಲ್ಪ ಪ್ರಮಾಣದ ಪ್ರಕರಣದಲ್ಲಿ ಸಿಲುಕಿದ ವ್ಯಸನಿ ತಾನಾಗಿ ಚಿಕಿತ್ಸೆಗೆ ಮುಂದಾದರೆ, ಅದೇ ಕಾಯ್ದೆಯ 64ಎ ಕಲಂ ವಿಚಾರಣೆಯಿಂದ ರಕ್ಷಣೆ ನೀಡುತ್ತದೆ. ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆ ಕೈತಪ್ಪಬಹುದು.

6. ಮೊದಲ ವಾರಗಳಲ್ಲಿ ಜೊತೆಗಿರಿ
ಬಿಟ್ಟ ಮೊದಲ ವಾರ ಸಿಡುಕು, ನಿದ್ದೆಗೇಡು, ಬೆವರು, ಊಟ ಸೇರದಿರುವುದು ಹೆಚ್ಚು. ಸಾಮಾನ್ಯವಾಗಿ 2 ವಾರಗಳಲ್ಲಿ ತಗ್ಗುತ್ತದೆ. ಆ ಸಿಡುಕಿಗೆ ನೀವೂ ಸಿಡುಕಬೇಡಿ. ಹಳೆಯ ಸಹವಾಸ ತಪ್ಪಿಸಿ, ಸಂಜೆ ಆಟಕ್ಕೋ ನಡಿಗೆಗೋ ಜೊತೆಗೆ ಕರೆದೊಯ್ಯಿರಿ. ಮತ್ತೆ ಸೇದಿದನೆಂದು ಗೊತ್ತಾದರೆ ‘ಇವನ ಹಣೆಬರಹ’ ಎಂದು ಕೈಬಿಡದೆ, ಅದೇ ವಾರ ಮತ್ತೆ ವೈದ್ಯರಲ್ಲಿಗೆ ಕರೆದುಕೊಂಡು ಹೋಗಿ.