ಕತ್ತರಿ ಎತ್ತುವ ಮುಂಚೆ

ಯವ್ವಾ, ಒಂದು ಮುಗಿಯದೆ ಇನ್ನೊಂದಕ್ಕೆ ಕೈ ಹಾಕಬಾರದು ಅಂತ ನಿನಗೆ ಹೇಳಿದವರು ಯಾರೋ ಕಾಣೆ. ಅವರು ಮನೆಯಲ್ಲಿ ಕೂತು ಹೊಲಿದವರಲ್ಲ ಅನ್ನುವುದಂತೂ ಖಾತ್ರಿ. ನಮ್ಮ ಧಾರವಾಡದ ಕಡೆ ಸೂಜಿ ಹಿಡಿಯಬಲ್ಲ ಹೆಣ್ಣುಮಗಳ ಮನೆಗೆ ಹೋಗಿ ನೋಡು. ಮೂಲೆಯಲ್ಲಿ ಸುರುಳಿ ಸುತ್ತಿಟ್ಟ ಅರ್ಧ ಕೌದಿ, ಮಷಿನ್ನಿನ ಮೇಲೆ ತೋಳು ಹಚ್ಚದ ಕುಬಸ, ಕಪಾಟಿನಲ್ಲಿ ಫಾಲ್‌ಗೆ ಕಾದಿರುವ ಸೀರೆ, ಡಬ್ಬಿಯೊಳಗೆ ಒಂದು ಆನೆ ಮತ್ತು ಮುಕ್ಕಾಲು ಗೋಪುರ ಮೂಡಿದ ಕಸೂತಿ. ಇವು ಒಟ್ಟಿಗೇ ಇರಬೇಕಾದವು. ಮನೆಯ ಹೊಲಿಗೆ ಅಂದರೆ ಕುಕ್ಕರಿನ ಸೀಟಿ ಎಣಿಸುತ್ತ, ಕೂಸು ಮಲಗಿದ ಹೊತ್ತು ನೋಡಿ, ಕರೆಂಟು ಇದ್ದಾಗ, ಬೆಳಕು ಇದ್ದಾಗ ಮಾಡುವಂಥದ್ದು. ಒಂದೇ ಕೆಲಸ ಹಿಡಿದು ಕೂತರೆ ಆ ಹೊತ್ತಿನಲ್ಲಿ ಮುಕ್ಕಾಲು ಪಾಲು ಆ ಕೆಲಸಕ್ಕೆ ಒಗ್ಗುವುದೇ ಇಲ್ಲ.

ನಿನ್ನ ಮಂಚದ ಕೆಳಗಿನ ಚೀಲಗಳ ಕಥೆ ಬೇರೆ. ಐದು ಬ್ಲೌಸು ಕತ್ತರಿಸಿಟ್ಟಿದ್ದೀ, ಐದರಲ್ಲಿ ಒಂದಕ್ಕೂ ಹೊಲಿಗೆ ಬಿದ್ದಿಲ್ಲ. ನಾಲ್ಕು ತರಹದ ಕೆಲಸ ಒಂದೊಂದು ಹಿಡಿದಿದ್ದರೆ ನಾನು ಸುಮ್ಮನಿರುತ್ತಿದ್ದೆ. ಒಂದೇ ತರಹದ್ದು ಐದು ಹಿಡಿದರೆ ಐದೂ ಒಂದೇ ಕಡೆ ಸಿಕ್ಕಿಬೀಳುತ್ತವೆ. ತೋಳು ಹಚ್ಚುವುದು ನಿನಗೆ ಬೇಸರದ ಕೆಲಸ, ಅದು ನನಗೂ ಗೊತ್ತು. ಈಗ ಹತ್ತು ತೋಳು ನಿನ್ನ ದಾರಿ ಕಾಯುತ್ತಿವೆ, ನೀನು ಆ ಕಡೆ ಮುಖವನ್ನೇ ಮಾಡುತ್ತಿಲ್ಲ.

ಅರಿವೆ ಅರಿವೆಯಾಗಿಯೇ ಇರುವತನಕ ಎಷ್ಟು ದಿನ ಬೇಕಾದರೂ ಕಾಯುತ್ತದೆ. ಟ್ರಂಕಿನಲ್ಲಿ ಒಣಗಿದ ಬೇವಿನ ಎಲೆ ಹಾಕಿ ಮಡಿಚಿಟ್ಟ ಗುಳೇದಗುಡ್ಡದ ಖಣ ವರ್ಷಗಟ್ಟಲೆ ಹಾಗೇ ಇರುತ್ತದೆ. ಕತ್ತರಿ ಬಿತ್ತೋ, ಹೆಚ್ಚಿಟ್ಟ ಬದನೆಕಾಯಿಯ ಪಾಡು. ಮೊದಲು ಅಂಚು ಎಳೆ ಬಿಡುತ್ತದೆ. ಅರ್ಧ ಇಂಚು ಹೊಲಿಗೆಗೆ ಅಂತ ಬಿಟ್ಟದ್ದು ಕಾಲು ಇಂಚಿಗೆ ಬರುತ್ತದೆ. ಅಡ್ಡ ಓರೆಗೆ ಕತ್ತರಿಸಿದ ಕಟೋರಿಯ ತುಂಡನ್ನು ಮೊಳೆಗೆ ನೇತು ಹಾಕಿದರೆ ತನ್ನ ಭಾರಕ್ಕೆ ತಾನೇ ಜಗ್ಗಿ ಉದ್ದವಾಗುತ್ತದೆ. ಆಮೇಲೆ ಎಡ ಬಲ ಕೂಡುವುದಿಲ್ಲ, ನೀನು ಮಷಿನ್ನಿಗೆ ಬೈಯುತ್ತೀ. ಅಷ್ಟರಲ್ಲಿ ಅಳತೆ ಕೊಟ್ಟವಳ ಮೈಯೂ ಬದಲಾಗಿರುತ್ತದೆ. ಹೆರಿಗೆಗೆ ಹೋಗಿ ಬಂದವಳಿಗೆ ಹೋಗುವ ಮುಂಚಿನ ಅಳತೆ ಹಿಡಿದು ಹೊಲಿದು ಏನು ಉಪಯೋಗ? ಹಾಗಾಗಿ ಈ ವಾರ ಮಷಿನ್ನಿಗೆ ಹತ್ತುವಷ್ಟಕ್ಕೇ ಕತ್ತರಿ ಎತ್ತು. ಸಂಜೆ ಮನಸ್ಸು ಹುರುಪಾಗಿದೆ, ಕತ್ತರಿಸಿಬಿಡೋಣ ಅನ್ನಿಸಿದರೆ ಎದ್ದು ಚಹಾ ಮಾಡಿಕೋ. ಕತ್ತರಿಸುವ ಖುಷಿ ಹೊಲಿಯುವ ತಾಳ್ಮೆಗಿಂತ ಯಾವಾಗಲೂ ಹೆಚ್ಚು, ಅದರಿಂದಲೇ ಈ ಗಂಟುಗಳೆಲ್ಲ ಹುಟ್ಟಿದ್ದು.

ಹೊತ್ತಿನ ಮಾತಿಗೆ ಬರೋಣ. ಕಸೂತಿಗೆ ಬೆಳಗಿನ ಬಿಸಿಲು ಬೇಕು. ಕರಿ ಚಂದ್ರಕಾಳಿ ಸೀರೆಯ ಮೇಲೆ ಎಳೆ ಎಣಿಸಿ ಹಾಕುವ ಹೊಲಿಗೆ ಅದು, ಅಡಿಗೆ ಗೀಟು ಇಲ್ಲ, ಚಿತ್ರ ಇಲ್ಲ, ಕಣ್ಣೇ ಗೀಟು. ಟ್ಯೂಬ್‌ಲೈಟಿನಲ್ಲಿ ಕೂತರೆ ಒಂದು ಎಳೆ ತಪ್ಪಿ ಆನೆಯ ಸೊಂಡಿಲು ಬಾಲಕ್ಕೆ ಹೋಗಿ ಸೇರುತ್ತದೆ. ಮಳೆಗಾಲದ ಮಬ್ಬಿನಲ್ಲಿ ಅದನ್ನು ಮುಟ್ಟಲೇಬೇಡ, ಚಳಿಗಾಲದ ಬೆಳಗಿಗೆ ಎತ್ತಿಡು. ಮಳೆಗಾಲ ಮಷಿನ್ನಿನದು, ಶ್ರಾವಣದಿಂದ ದೀಪಾವಳಿತನಕ ಬ್ಲೌಸು, ಫ್ರಾಕು, ಪರಕಾರ ತಾವಾಗಿ ಬಂದು ಬೀಳುತ್ತವೆ. ಸುಗ್ಗಿ ಮುಗಿದು ಬಿಸಿಲು ಏರಿದ ಮೇಲೆ ಕೌದಿ. ಹಿಂದಿನವರು ಬೇಸಿಗೆಯಲ್ಲಿ ಕೌದಿ ಹಾಸುತ್ತಿದ್ದದ್ದು ಸುಮ್ಮನೆ ಅಲ್ಲ. ಒಗೆದ ಹಳೆ ಅರಿವೆ ಪೂರಾ ಒಣಗಬೇಕು, ಹಾಸಲಿಕ್ಕೆ ಪಡಸಾಲೆ ಖಾಲಿ ಇರಬೇಕು, ಮಳೆ ಹಿಡಿಯುವುದರೊಳಗೆ ಹೊದೆಯಲಿಕ್ಕೆ ಸಿಗಬೇಕು. ದೀಪ ಹಚ್ಚಿದ ಮೇಲೆ ಸೂಜಿ ಕೇಳಬಾರದು, ಕೊಡಬಾರದು ಅನ್ನುತ್ತಾರಲ್ಲ, ಅದರಲ್ಲಿ ಶಾಸ್ತ್ರ ಎಷ್ಟೋ, ಚಿಮಣಿ ಬೆಳಕಿಗೆ ಕಣ್ಣು ಕೆಡಿಸಿಕೊಂಡವರ ಅನುಭವ ಎಷ್ಟೋ. ಕತ್ತಲಾದ ಮೇಲೆ ಹುಕ್ಕು, ಹೆಮ್ಮಿಂಗು ಇಟ್ಟುಕೋ. ಬಾಯಿ ಮಾತಾಡುತ್ತಿದ್ದರೂ ಕೈ ಅದನ್ನು ಮಾಡುತ್ತದೆ.

ಬಹಳ ಕೆಲಸ ಹಿಡಿದವಳಿಗೆ ಹೊಲಿಯುವುದಕ್ಕಿಂತ ನಿಲ್ಲಿಸುವುದು ಗೊತ್ತಿರಬೇಕು. ಇದನ್ನು ಸರಿಯಾಗಿ ಕೇಳಿಸಿಕೋ, ಯಾಕೆಂದರೆ ಯಾವ ಟೇಲರಿಂಗ್ ಕ್ಲಾಸಿನಲ್ಲೂ ಇದನ್ನು ಹೇಳಿಕೊಟ್ಟದ್ದು ನಾನು ನೋಡಿಲ್ಲ. ಕಸೂತಿಯ ಗವಂತಿ ಹೊಲಿಗೆ ನಿನಗೆ ಬರುತ್ತದೆ. ಹೋಗುವಾಗ ಒಂದು ಟಾಕು ಬಿಟ್ಟು ಒಂದು ಹಾಕುತ್ತ ಹೋಗಿ, ಬರುವಾಗ ಬಿಟ್ಟ ಜಾಗ ತುಂಬುತ್ತ ಬರುವುದು. ಅದಕ್ಕೇ ಅದು ಮೇಲೂ ಕೆಳಗೂ ಒಂದೇ ಸಮ ಕಾಣುತ್ತದೆ, ಗಂಟು ಎಲ್ಲಿಯೂ ಕಾಣುವುದಿಲ್ಲ. ಹೋಗುವ ದಾರಿಯಲ್ಲಿ, ಗೋಪುರದ ಮೂರನೆಯ ಮೆಟ್ಟಿಲಲ್ಲಿ ಸೂಜಿ ಚುಚ್ಚಿ ಎದ್ದುಹೋದೆ ಅನ್ನು. ತಿಂಗಳು ಬಿಟ್ಟು ತೆಗೆದರೆ ಬಟ್ಟೆಯ ಮೇಲೆ ಕಾಣುವುದು ಬರೀ ತುಂಡು ತುಂಡು ಚುಕ್ಕಿ. ಯಾವ ಕವಲಿಗೆ ಹೋಗಿ ಬಂದಿದ್ದೀ, ಯಾವುದಕ್ಕೆ ಇನ್ನೂ ಹೋಗಬೇಕು, ದೇವರೇ ಬಲ್ಲ. ಬಿಚ್ಚಲಿಕ್ಕೆ ಹೋದರೆ ಬಟ್ಟೆಯ ಎಳೆಯೇ ಕಿತ್ತು ಬರುತ್ತದೆ. ಹೋದ ದಾರಿ ಪೂರಾ ಮರಳಿ ಬಂದ ಮೇಲೆಯೇ ಏಳು. ಹತ್ತು ನಿಮಿಷ ತಡವಾದರೆ ಸಾರು ಸೀಯುತ್ತದೆ ಅನ್ನುವ ದಿನ ಕಸೂತಿ ತೆಗೆಯಲೇಬೇಡ.

ಮಷಿನ್ನು ನಿಲ್ಲಿಸುವುದಕ್ಕೂ ರೀತಿ ಇದೆ. ಮೂಲೆ ತಿರುಗಿಸುವಾಗ ಸೂಜಿ ಬಟ್ಟೆಯೊಳಗೇ ಇರಲಿ. ರಾತ್ರಿ ಬಿಟ್ಟು ಏಳುವಾಗ ಮಾತ್ರ ಸೂಜಿ ಮೇಲೆತ್ತು, ಹೊಲಿಯುತ್ತಿದ್ದುದನ್ನು ಹೊರಗೆ ತೆಗೆ, ಒಂದು ಚಿಂದಿ ಮಡಿಚಿ ಮಷಿನ್ನಿನ ಕಾಲಿನ ಕೆಳಗಿಟ್ಟು ಕಾಲು ಇಳಿಸು. ಮಳೆಗಾಲದಲ್ಲಿ ಬಟ್ಟೆಯಲ್ಲೇ ಉಳಿದ ಸೂಜಿ ತುಕ್ಕು ಹಿಡಿದು ಕಂದು ಕಲೆ ಬಿಡುತ್ತದೆ, ತಿಳಿ ಬಣ್ಣದ ರೇಷ್ಮೆಯ ಮೇಲೆ ಬಿತ್ತೋ, ಬಟ್ಟೆ ತಂದವಳ ಮುಖ ನೋಡುವುದು ಕಷ್ಟ. ಬಟ್ಟೆ ಬದಲಾದರೆ ಸೂಜಿಯನ್ನೂ ಬದಲಿಸು. ತೆಳು ರೇಷ್ಮೆಗೆ 11, ನಿತ್ಯದ ನೂಲಿನ ಬ್ಲೌಸಿಗೆ 14, ದಪ್ಪದ್ದಕ್ಕೆ 16. ಒಂದೇ ಸೂಜಿಯಲ್ಲಿ ಎಲ್ಲ ಎಳೆಯುತ್ತೀ ಅಂತ ಮಷಿನ್ನಿನ ಸಪ್ಪಳ ಕೇಳಿದರೇ ಗೊತ್ತಾಗುತ್ತದೆ. ಬಿಳಿ ದಾರ ಪೋಣಿಸಿದ ದಿನ ಬಿಳಿ ದಾರ ಕೇಳುವುದನ್ನೆಲ್ಲ ಮುಗಿಸಿಬಿಡು; ಲೈನಿಂಗು, ದಿಂಬಿನ ಚೀಲ, ಹಳೆ ಲಂಗದ ನಾಡಿಪಟ್ಟಿ. ಪ್ರತಿಯೊಂದಕ್ಕೂ ದಾರ ಬಿಚ್ಚಿ ಪೋಣಿಸುತ್ತ, ಬಾಬಿನ್ ಸುತ್ತುತ್ತ ಕೂತರೆ ಮಧ್ಯಾಹ್ನ ಅದರಲ್ಲೇ ಕಳೆಯಿತು.

ಒಂದು ಕೆಲಸಕ್ಕೆ ಒಂದು ಚೀಲ. ಕಿರಾಣಿ ಅಂಗಡಿಯ ಚೀಲವಾದರೂ ಸರಿ. ಅದರೊಳಗೆ ಬಟ್ಟೆ, ಲೈನಿಂಗು, ಅಳತೆ ಬ್ಲೌಸು, ಅದಕ್ಕೆಂದೇ ತಂದ ದಾರದ ರೀಲು, ಒಂದು ಚೀಟಿ. ಚೀಟಿಯಲ್ಲಿ ಇಲ್ಲಿವರೆಗೆ ಆದದ್ದನ್ನು ಬರೆಯಬೇಡ, ಅದು ನೋಡಿದರೆ ಕಾಣುತ್ತದೆ. ಮುಂದೆ ಮಾಡಬೇಕಾದದ್ದನ್ನು ಬರೆ: ‘ಬಲ ತೋಳು ಕಾಲು ಇಂಚು ಒಳಗೆ’, ‘ಫಾಲ್ ನೆನೆಸಿಲ್ಲ’. ಫಾಲನ್ನು ಒಂದು ರಾತ್ರಿ ನೀರಿನಲ್ಲಿ ನೆನೆಹಾಕದೆ, ಒಣಗಿಸಿ ಇಸ್ತ್ರಿ ಮಾಡದೆ ಹಚ್ಚಿದರೆ ಮೊದಲ ಒಗೆತಕ್ಕೇ ಅದು ಕುಗ್ಗಿ ಸೀರೆಯ ಅಂಚು ಸುರುಟುತ್ತದೆ. ಇಂಥದ್ದನ್ನು ಅವಸರದಲ್ಲಿ ಎಲ್ಲರೂ ಮರೆಯುತ್ತಾರೆ. ದಾರ ತರುವಾಗ ಎರಡು ರೀಲು ಒಟ್ಟಿಗೇ ತಾ. ಮುಂದಿನ ತಿಂಗಳು ಹೋಗಿ ಅದೇ ಬಣ್ಣ ಕೇಳಿದರೆ ಅಂಗಡಿಯವ ಕೊಡುವುದು ಅದರ ಅಣ್ಣನೋ ತಮ್ಮನೋ ಆಗಿರುತ್ತದೆ.

ಇನ್ನು ಕೌದಿ. ಹಾಸುವುದು ಬೇಸಿಗೆಯಲ್ಲಾದರೂ, ವರ್ಷಪೂರ್ತಿ ಬಿಚ್ಚಿಟ್ಟುಕೊಳ್ಳಬಹುದಾದ ಕೆಲಸ ಅಂದರೆ ಅದೊಂದೇ. ಅದಕ್ಕೆ ತಾರೀಖಿಲ್ಲ, ಅಳತೆ ಬ್ಲೌಸಿಲ್ಲ, ‘ನಾಳೆ ಬರ್ತೀನಿ’ ಅಂತ ಬಾಗಿಲಿಗೆ ಬಂದು ನಿಲ್ಲುವವರಿಲ್ಲ. ಅದಕ್ಕಿಂತ ಮುಖ್ಯ, ನಿನ್ನ ಬೇರೆಲ್ಲ ಕೆಲಸಗಳ ತುಂಡು ಕೊನೆಗೆ ಅದರಲ್ಲೇ ಹೋಗಿ ಸೇರಬೇಕು. ಬ್ಲೌಸಿನ ಕಂಕುಳ ಕತ್ತರಿಸಿದಾಗ ಉಳಿಯುವ ಅರ್ಧಚಂದ್ರ, ಲೈನಿಂಗಿನ ಪಟ್ಟಿ, ಫ್ರಾಕಿನ ಮಿಕ್ಕ ಘೇರು, ಎಲ್ಲ. ಮುಗಿಯದ ಕೆಲಸಗಳಲ್ಲಿ ಇನ್ನು ಮುಗಿಯದೇ ಇರುವಂಥವು ಯಾವುವು ಅಂತ ನಿನಗೆ ಗೊತ್ತೇ ಇದೆ. ಆ ಮೊಲದ ಚಿತ್ರದ ಫ್ರಾಕು ಯಾರಿಗೆ ಅಂತ ಕತ್ತರಿಸಿದೆಯೋ ಆ ಕೂಸು ಈಗ ಸಾಲೆಗೆ ಹೋಗುತ್ತಿದೆ. ಅದನ್ನು ಇಟ್ಟುಕೊಂಡು ಮರುಗುವುದು ಯಾಕೆ? ಹೊಲಿಗೆ ಬಿಚ್ಚಿ ಚೌಕ ಮಾಡಿ ಕೌದಿಯ ಗಂಟಿಗೆ ಹಾಕು. ಬಿಟ್ಟುಬಿಡುವುದೂ ಕೆಲಸ ಮುಗಿಸುವ ಒಂದು ರೀತಿಯೇ.

ಆದರೆ ಗಂಟಿಗೆ ಬಂದದ್ದೆಲ್ಲ ಕೌದಿಗೆ ಬೇಡ. ನೂಲಿನ ಅರಿವೆಯ ಜೊತೆ ಪಾಲಿಯೆಸ್ಟರ್ ಬೆರೆಸಿದರೆ ಒಗೆದಾಗ ಒಂದು ಕುಗ್ಗುತ್ತದೆ, ಒಂದು ಕುಗ್ಗುವುದಿಲ್ಲ, ನಡುವೆ ಗುಳ್ಳೆ ಏಳುತ್ತದೆ. ಹೊಸ ತುಂಡಿದ್ದರೆ ಮೊದಲು ಒಗೆದು ಗಂಜಿ ಬಿಡಿಸು. ಕೆಂಪು, ಊದಾ ಬಣ್ಣದ ಮೇಲೆ ಒದ್ದೆ ಬಿಳಿ ಬಟ್ಟೆ ಒತ್ತಿ ನೋಡು. ಬಣ್ಣ ಹತ್ತಿದರೆ ಅದು ಒರೆಸುವ ಅರಿವೆಗೆ ಸರಿ. ಪದರು ಮೂರೋ ನಾಲ್ಕೋ ಸಾಕು. ಬೆಚ್ಚಗಿರಲಿ ಅಂತ ಏಳೆಂಟು ಪದರು ಹಾಕಿದರೆ ಸೂಜಿ ಇಳಿಯುವುದಿಲ್ಲ, ಒದ್ದೆಯಾದಾಗ ಇಬ್ಬರು ಹಿಡಿದರೂ ಎತ್ತಲಿಕ್ಕಾಗುವುದಿಲ್ಲ. ಹಾಸಿದ ದಿನವೇ ಉದ್ದ ಉದ್ದ ಕಚ್ಚಾ ಹೊಲಿಗೆ ಹಾಕಿ ಪದರುಗಳನ್ನು ಕಟ್ಟಿಬಿಡು. ಅದೊಂದು ದಿನ ಮಾತ್ರ ಕೌದಿ ಇಡೀ ಪಡಸಾಲೆ, ಇಡೀ ಮಧ್ಯಾಹ್ನ ಕೇಳುತ್ತದೆ. ಆಮೇಲೆ ಸುರುಳಿ ಸುತ್ತಿಟ್ಟು ಬೇಕಾದಾಗ ಒಂದು ಸಾಲು, ಬೇಡವಾದಾಗ ಇಲ್ಲ.

ಈ ವಿಷಯದಲ್ಲಿ ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳದ ಕಡೆಯ ಸಿದ್ದಿ ಹೆಣ್ಣುಮಕ್ಕಳನ್ನು ನೋಡಿ ಕಲಿಯಬೇಕು. ಅವರ ಕವಂದಿ ನಮ್ಮ ಕೌದಿಯ ಬಳಗವೇ, ಹೊಲಿಯುವ ಕ್ರಮ ಬೇರೆ. ಅಡಿಗೆ ಸೀರೆ ಹಾಸಿ, ಒಂದು ಮೂಲೆಯಿಂದ ಹಿಡಿದು ಅಂಚಿನ ಸುತ್ತಲೂ ತುಂಡು ಕೂಡಿಸುತ್ತ, ಸುತ್ತು ಸುತ್ತಾಗಿ ನಡುವಿಗೆ ಬರುತ್ತಾರೆ. ಮೊದಲೇ ನಕ್ಷೆ ಇಲ್ಲ. ಕೈಗೆ ಬಂದ ತುಂಡಿನ ಅಂಚು ಮಡಿಚು, ಹೊಲಿ, ಪಕ್ಕಕ್ಕೆ ಇನ್ನೊಂದಿಡು. ನಡುವೆ ಎದ್ದು ಹೊಲಕ್ಕೋ ಕಾಡಿಗೋ ಹೋಗಿ ಬಂದು ಕೂತರೂ ಮುಂದಿನ ತುಂಡು ಎಲ್ಲಿ ಬರಬೇಕು ಅಂತ ಯಾರನ್ನೂ ಕೇಳಬೇಕಿಲ್ಲ, ಹಿಂದಿನ ತುಂಡೇ ಹೇಳುತ್ತದೆ. ನಾಲ್ಕು ಮೂಲೆಗೆ ಅರಿವೆ ಮಡಿಚಿ ಮಾಡಿದ ಸಣ್ಣ ತ್ರಿಕೋನ ಹಚ್ಚುತ್ತಾರೆ, ಫುಲ ಅನ್ನುತ್ತಾರೆ ಅದಕ್ಕೆ. ಫುಲ ಇಲ್ಲದ ಕವಂದಿ ಅವರ ಲೆಕ್ಕದಲ್ಲಿ ಮುಗಿದದ್ದಲ್ಲ. ಹೊತ್ತಿಲ್ಲದವರು ಕಂಡುಕೊಂಡ ಕ್ರಮ ಇದು. ನಿನ್ನಂಥ ಎಳೆ ಕೂಸಿನ ತಾಯಿಗೆ ನಮ್ಮ ಉದ್ದ ಸಾಲಿನ ಕೌದಿಗಿಂತ ಇದೇ ಒಗ್ಗೀತು ಅಂತ ನನ್ನ ಅನಿಸಿಕೆ. ನಮ್ಮ ಓಣಿಯವರು ಒಪ್ಪಲಿಕ್ಕಿಲ್ಲ, ಬಿಡು.

ಮಂದಿಯ ಕೆಲಸದ ಬಗ್ಗೆ ಒಂದು ಮಾತು. ತಾರೀಖು ಕೇಳದೆ ಬಟ್ಟೆ ಇಸಿದುಕೊಳ್ಳಬೇಡ. ‘ಅವಸರ ಇಲ್ಲ, ನಿಮಗೆ ಆದಾಗ’ ಅಂದವರೇ ಮೊದಲು ಬಂದು ಜಗಳ ತೆಗೆಯುವವರು. ದೀಪಾವಳಿಗೆ ಹದಿನೈದು ದಿನ ಇರುವಾಗ ಬಾಗಿಲು ಹಾಕಿಬಿಡು. ‘ಹಬ್ಬ ಆದ ಮ್ಯಾಲೆ ಬರ್ರಿ ವೈನಿ’ ಅಂದರೆ ಯಾರೂ ಸಾಯುವುದಿಲ್ಲ. ರೊಕ್ಕದ ಮಾತನ್ನು ಬಟ್ಟೆ ಮುಟ್ಟುವ ಮುಂಚೆ ಆಡು. ಸಂಬಂಧಿಕರಾದರೆ ಪೂರಾ ಪುಕ್ಕಟೆ ಹೊಲಿದು ಉಡುಗೊರೆ ಅಂತ ಕೊಡು, ಇಲ್ಲವೇ ಪೂರಾ ರೊಕ್ಕ ಹೇಳು. ‘ನೋಡಿ ಕೊಡ್ರಿ’ ಅಂದೆಯೋ, ಅವರು ಕೊಡುವುದು ತಡ, ಕೊಟ್ಟರೂ ಕಡಿಮೆ, ಮೇಲೆ ನಿನಗೆ ಬೇಸರ. ಮುಂದಿನ ಸಲ ಅವರ ಚೀಲ ತಾನಾಗಿಯೇ ಮಂಚದ ಕೆಳಗೆ ಸೇರುತ್ತದೆ. ಮಂಚದ ಕೆಳಗೆ ಹೋದ ಚೀಲಗಳಲ್ಲಿ ಅರ್ಧಕ್ಕರ್ಧ ಇಂಥವೇ ಇರಬೇಕು, ಹುಡುಕಿ ನೋಡು.

ಐದು ಬ್ಲೌಸಿನಲ್ಲಿ ಎರಡು ಈ ವಾರ ಮುಗಿಸು, ಹುಕ್ಕು ಹಚ್ಚುವತನಕ. ಹುಕ್ಕಿಲ್ಲದ ಬ್ಲೌಸು ಹೊಲಿದ ಲೆಕ್ಕಕ್ಕೆ ಬರುವುದಿಲ್ಲ. ಉಳಿದ ಮೂರರ ತುಂಡುಗಳನ್ನು ನೇತು ಹಾಕದೆ, ಹಳೆ ಪೇಪರಿನ ನಡುವೆ ಚಪ್ಪಟೆಯಾಗಿ ಇಟ್ಟು ಚೀಟಿ ಬರೆ.

ಈ ಬೇಸಿಗೆಯ ಕೌದಿಯ ಅಡಿಗೆ ಒಂದು ಇಡೀ ಸೀರೆ ಬೇಕು. ಅಂಗಡಿಯಿಂದ ಹೊಸದು ತರಬೇಡ. ನಿಮ್ಮ ಅತ್ತೆಯವರ ಟ್ರಂಕಿನಲ್ಲಿ ಹಳೆಯ ಇಳಕಲ್ ಇದ್ದೇ ಇರುತ್ತದೆ, ನೀನೇ ಹೋಗಿ ಕೇಳು, ಗಂಡನ ಕೈಲಿ ಕೇಳಿಸಬೇಡ. ಕೇಳುವಾಗ ‘ಹರಿದದ್ದು ಇದ್ರ ಕೊಡ್ರಿ ಅತ್ತಿ’ ಅನ್ನಬೇಡ. ‘ಮೆತ್ತಗಾದದ್ದು ಇದ್ರ’ ಅನ್ನು. ಕೊಟ್ಟರೆ ಅವರ ಎದುರೇ ಸೆರಗು ಬೇರೆ ಮಾಡು. ಮೈ ನೂಲಿನದು, ಟೋಪ ತೆನಿ ಸೆರಗಿನ ಎಳೆ ಬೇರೆ. ಎರಡನ್ನೂ ಕೊಂಡಿ ಹಾಕಿ ಕೂಡಿಸಿರುತ್ತಾರೆ, ಆ ಕೊಂಡಿಯಿಂದ ನಾಲ್ಕು ಬೆರಳು ಮೈಯ ಕಡೆಗೆ ಬಿಟ್ಟು ಕತ್ತರಿಸು. ಸೆರಗು ಕೌದಿಯಲ್ಲಿ ಬಾಳುವುದಿಲ್ಲ, ಅದನ್ನು ಮಡಿಚಿ ಅವರ ಕೈಗೇ ಕೊಡು.