ಭೂಗೋಲದ ಮೇಲೆ ಒಂದು ದಾರ

ಸೊಲ್ಲಾಪುರದಿಂದ ಮುಂಬಯಿಗೆ ರೈಲುಮಾರ್ಗವಾಗಿ 455 ಕಿ.ಮೀ.; ನೇರ ಅಂತರವಾದರೋ ಸುಮಾರು 350 ಕಿ.ಮೀ. ರೈಲು ಊರು, ಘಟ್ಟಗಳನ್ನು ಬಳಸಿ ಹೋಗಬೇಕು. ವಿಮಾನಕ್ಕೆ ಆ ಕಟ್ಟಿಲ್ಲ. ಆದರೆ ಬಹುದೂರದ ನಗರಗಳ ನಡುವೆ ‘ನೇರ’ ಯಾವುದೆಂಬುದನ್ನು ವಿಚಾರಿಸಬೇಕು.

2021ರ ಜನವರಿಯಲ್ಲಿ ಏರ್ ಇಂಡಿಯಾದ ವಿಮಾನವೊಂದು ಸ್ಯಾನ್ ಫ್ರಾನ್ಸಿಸ್ಕೋದಿಂದ ಎಲ್ಲಿಯೂ ಇಳಿಯದೆ ಬೆಂಗಳೂರಿಗೆ ಬಂದಿತು. ಅದರ ಚಾಲಕರೆಲ್ಲರೂ ಮಹಿಳೆಯರು. ಜೋಯಾ ಅಗರ್ವಾಲರು ನಾಯಕಿ. ಚಪ್ಪಟೆ ನಕಾಶೆಯಲ್ಲಿ ಗೆರೆಯೆಳೆದರೆ ಹಾದಿಯು ಮಹಾಸಾಗರದ ಮೇಲೆ ಸಾಗುವಂತೆ ಕಾಣುವುದು. ವಿಮಾನವು ಬಂದದ್ದು ಉತ್ತರ ಧ್ರುವಪ್ರದೇಶದ ಮೇಲಿಂದ! ಭೂಮಿ ದುಂಡಗಿರುವುದರಿಂದ ಹತ್ತಿರದ ದಿಕ್ಕು ಅದೇ. ಹಾಗೆ ಅಳೆದ ಅಂತರ ಸುಮಾರು 14,000 ಕಿ.ಮೀ.

ಇನ್ನು ಕಾಲದ ಲೆಕ್ಕ. 9ರ ರಾತ್ರಿ ಹೊರಟ ವಿಮಾನ 11ರ ನಸುಕಿನಲ್ಲಿ ಇಳಿಯಿತು. ಗಡಿಯಾರಗಳಂತೆ ಸುಮಾರು 31 ತಾಸು. ಆದರೆ ಚಳಿಗಾಲದಲ್ಲಿ ಅಲ್ಲಿಯ ಗಡಿಯಾರ ನಮ್ಮದಕ್ಕಿಂತ 13½ ತಾಸು ಹಿಂದೆ. ಅದನ್ನು ಕಳೆದರೆ ಪ್ರಯಾಣಕಾಲ ಸುಮಾರು 17½ ತಾಸು. ಮಕ್ಕಳು ಪರದೇಶದಲ್ಲಿರುವ ಪಾಲಕರಿಗೂ ಈ ಲೆಕ್ಕ ಉಪಯುಕ್ತ: ಇಲ್ಲಿ ಮುಂಜಾನೆ 7 ಆದಾಗ ಅಲ್ಲಿ ಹಿಂದಿನ ದಿನದ ಸಂಜೆ 5.30.

ವಿದ್ಯಾರ್ಥಿಗಳೇ, ಸೊಲ್ಲಾಪುರವಿರಲಿ, ಅಕ್ಕಲಕೋಟೆಯಿರಲಿ, ನಿಮ್ಮ ಶಾಲೆಯ ಭೂಗೋಲದ ಮೇಲೆ ಈ ಎರಡು ನಗರಗಳ ನಡುವೆ ದಾರವನ್ನು ಬಿಗಿಯಾಗಿ ಹಿಡಿಯಿರಿ. ಅದು ಎತ್ತ ಸರಿಯುವುದೆಂಬುದನ್ನು ಕಣ್ಣಾರೆ ಕಾಣಿರಿ.